ಮೆಜೆಸ್ಟಿಕ್ ಮೆಟ್ರೊ: ಕೆರೆ ಇದ್ದ ಜಾಗದ ಕೆಳಗೊಂದು ನಿಲ್ದಾಣ, ಇತಿಹಾಸ, ಒಳರಚನೆ, ಊರಿಂದ ಹೋಗೋರಿಗೆ ಗೊತ್ತಿರಬೇಕಾದ ವಿಷಯ

ತಿಪಟೂರು, ಗುಬ್ಬಿ, ತುಮಕೂರು ಕಡೆಯಿಂದ ಬೆಂಗಳೂರಿಗೆ ಹೋಗುವವರ ಬಾಯಲ್ಲಿ ಬೆಂಗಳೂರು ಅಂದರೆ ಮೊದಲು ಮೆಜೆಸ್ಟಿಕ್. ಚಿಕ್ಕಪೇಟೆಗೆ ಬಟ್ಟೆ ತರಲು ಹೋಗುವ ಅಂಗಡಿಯವರು, ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವ ರೋಗಿಗಳು, ಹೈಕೋರ್ಟ್‌ಗೆ ಅಲೆಯುವ ಜಮೀನು ಕೇಸಿನವರು, ಇಂಟರ್‌ವ್ಯೂಗೆ ಹೊರಟ ಹುಡುಗರು, ಎಲ್ಲರೂ ಇಳಿಯುವುದು ಅಲ್ಲೇ. ಅದೇ ಮೆಜೆಸ್ಟಿಕ್‌ನ ನೆಲದಡಿಯಲ್ಲಿ ನಮ್ಮ ಮೆಟ್ರೊದ ಅತಿ ದೊಡ್ಡ ಇಂಟರ್‌ಚೇಂಜ್ ನಿಲ್ದಾಣ ಇದೆ. ದಿನಾ ಜನ ಅದರೊಳಗೆ ಹೋಗಿ ಬರುತ್ತಾರೆ. ಆದರೆ ಅದು ಅಲ್ಲಿಗೇ ಯಾಕೆ ಬಂತು, ಒಳಗೆ ಯಾವುದು ಎಲ್ಲಿದೆ, ಯಾವಾಗ ಅಲ್ಲಿಗೆ ಹೋಗದೇ ಇರುವುದೇ ಒಳ್ಳೇದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಮಾಹಿತಿ ಇಲ್ಲಿದೆ.

ಒಂದೇ ನೋಟಕ್ಕೆ

• ಅಧಿಕೃತ ಹೆಸರು: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್
• ಮಾರ್ಗಗಳು: ನೇರಳೆ (ಪೂರ್ವ–ಪಶ್ಚಿಮ), ಹಸಿರು (ಉತ್ತರ–ದಕ್ಷಿಣ)
• ನೇರಳೆ ಮಾರ್ಗ ಜನರಿಗೆ ತೆರೆದದ್ದು: 2016 ಏಪ್ರಿಲ್ 30
• ಹಸಿರು ಮಾರ್ಗ ಜನರಿಗೆ ತೆರೆದದ್ದು: 2017 ಜೂನ್ 18
• ಜಾಗ: ಕೆಂಪೇಗೌಡ ಬಿಎಂಟಿಸಿ ಬಸ್ ನಿಲ್ದಾಣದ ಆವರಣ, ಸಿಟಿ ರೈಲು ನಿಲ್ದಾಣದ ಎದುರು ಭಾಗ

ಮೊದಲು ಇಲ್ಲಿದ್ದದ್ದು ಕೆರೆ

ಈಗ ಬಸ್ಸು, ರೈಲು, ಮೆಟ್ರೊ ಓಡಾಡುವ ಈ ತಗ್ಗಿನಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಕಾಲದ ಕೆರೆ ಇದು ಅಂತ ಹೇಳಿಕೊಂಡು ಬಂದಿದ್ದಾರೆ. ಪೇಟೆಯ ಜನಕ್ಕೆ ಕುಡಿಯೋ ನೀರು ಇಲ್ಲಿಂದ ಕಾಲುವೆಗಳಲ್ಲಿ ಹೋಗುತ್ತಿತ್ತು. ನಮ್ಮ ಕಡೆ ಊರಿಗೊಂದು ಕೆರೆ ಇರುವಂತೆ, ಬೆಂಗಳೂರು ಪೇಟೆಗೆ ಇದು ಊರ ಕೆರೆ.

1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪ್ ಮೂಲಕ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರು ಕಡಿಮೆಯಾದರು. ಸುತ್ತ ಮನೆ, ರಸ್ತೆ, ರೈಲು ಹಳಿ ಬಂದು ನೀರು ಹರಿದು ಬರುವ ದಾರಿಗಳೂ ಮುಚ್ಚಿಹೋದವು. ಕೆರೆ ಒಣಗಿ ಮೈದಾನವಾಯಿತು. ಸುಭಾಷ್‌ನಗರ ಅಂತ ಕರೆಸಿಕೊಂಡ ಈ ಬಯಲಲ್ಲಿ ಸಭೆ ಸಮಾರಂಭ ನಡೆಯುತ್ತಿದ್ದವು. ಆಮೇಲೆ ಬಸ್ ನಿಲ್ದಾಣ ಬಂತು.

ಕೆರೆ ಹೋದರೂ ಗುರುತು ಪೂರ್ತಿ ಅಳಿಸಿಲ್ಲ. ಮೆಜೆಸ್ಟಿಕ್ ಪಕ್ಕದಲ್ಲಿ ಇವತ್ತಿಗೂ ಒಂದು ರಸ್ತೆಯ ಹೆಸರು ಟ್ಯಾಂಕ್ ಬಂಡ್ ರಸ್ತೆ, ಅಂದರೆ ಕೆರೆ ಏರಿ ರಸ್ತೆ. ಗಾಂಧಿನಗರದ ಅಣ್ಣಮ್ಮನ ಗುಡಿ ಇದ್ದದ್ದು ಇದೇ ಕೆರೆಯ ದಂಡೆ ಮೇಲೆ ಅಂತ ಹಿರಿಯರು ಹೇಳ್ತಾರೆ. ರಸ್ತೆ ಮೇಲಿನಿಂದ ನೋಡಿದರೆ ಬಸ್ ನಿಲ್ದಾಣ ತಗ್ಗಿನಲ್ಲಿ ಕೂತಿರುವುದು ಗೊತ್ತಾಗುತ್ತದೆ. ಅದು ಕೆರೆಯ ಅಂಗಳ.

ಮೆಜೆಸ್ಟಿಕ್ ಅಂತ ಹೆಸರು ಬಂದದ್ದು

ಇಲ್ಲಿದ್ದ ಮೆಜೆಸ್ಟಿಕ್ ಅನ್ನೋ ಹಳೇ ಟಾಕೀಸಿನಿಂದ ಇಡೀ ಏರಿಯಾಕ್ಕೆ ಆ ಹೆಸರು ಅಂಟಿಕೊಂಡಿತು. ಕೆ.ಜಿ. ರಸ್ತೆ ಉದ್ದಕ್ಕೂ ಸಂತೋಷ್, ನರ್ತಕಿ ಅಂತ ಥಿಯೇಟರ್‌ಗಳ ಸಾಲು ಬಂತು. ಪಕ್ಕದ ಗಾಂಧಿನಗರ ಕನ್ನಡ ಸಿನಿಮಾದವರ ಅಡ್ಡೆಯಾಯಿತು. ಮೆಜೆಸ್ಟಿಕ್ ಟಾಕೀಸು ಕೆಡವಿ ಹೋಗಿದೆ, ಹೆಸರು ಮಾತ್ರ ಉಳಿದಿದೆ. ಸರ್ಕಾರಿ ದಾಖಲೆಯಲ್ಲಿ ಬಸ್ ನಿಲ್ದಾಣ ಕೆಂಪೇಗೌಡರ ಹೆಸರಿನದು, ರೈಲು ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿನದು. ಆದರೆ ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಅಂತಲೇ. ಅದಕ್ಕೇ ಮೆಟ್ರೊ ನಿಲ್ದಾಣಕ್ಕೆ ಎರಡೂ ಸೇರಿಸಿ ಹೆಸರಿಟ್ಟರು: ಮೊದಲು ನಾಡಪ್ರಭು ಕೆಂಪೇಗೌಡ, ಕೊನೆಗೆ ಮೆಜೆಸ್ಟಿಕ್.

ರೈಲಿನೊಳಗೆ ಈ ಹೆಸರನ್ನು ಕನ್ನಡದಲ್ಲಿ ಹೇಳುತ್ತಿದ್ದ ದನಿ ನಿರೂಪಕಿ, ನಟಿ ಅಪರ್ಣಾ ಅವರದು. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಮುಖ ನೋಡದ ಜನ ಕೂಡ ‘ಮೆಟ್ರೊದಲ್ಲಿ ನಿಲ್ದಾಣ ಹೇಳೋ ಮೇಡಂ’ ಅಂತ ನೆನೆಸಿಕೊಂಡರು.

ಬಸ್‌ಸ್ಟ್ಯಾಂಡ್ ಅಗೆದರು

ನಮ್ಮ ಮೆಟ್ರೊಗೆ ಶಂಕುಸ್ಥಾಪನೆ ಆದದ್ದು 2006ರ ಜೂನ್ 24ರಂದು. ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ. ಅದು ಕಂಬದ ಮೇಲಿನ ದಾರಿ. ಕಷ್ಟ ಶುರುವಾದದ್ದು ಊರ ಮಧ್ಯಕ್ಕೆ ಬಂದಾಗ. ವಿಧಾನಸೌಧ, ಮೆಜೆಸ್ಟಿಕ್, ಚಿಕ್ಕಪೇಟೆ ಕಡೆ ಕಂಬ ನಿಲ್ಲಿಸಲು ಜಾಗ ಎಲ್ಲಿದೆ? ಹಾಗಾಗಿ ನೆಲದೊಳಗೆ ಹೋದರು.

ಮೊದಲ ಹಂತದ ಒಟ್ಟು ಉದ್ದ 42.3 ಕಿ.ಮೀ. ಅದರಲ್ಲಿ ಸುರಂಗ ಸುಮಾರು 8.8 ಕಿ.ಮೀ. ಈ ಸುರಂಗದಲ್ಲಿ ಏಳು ನಿಲ್ದಾಣ: ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ. ಎರಡು ದಾರಿ ಒಂದನ್ನೊಂದು ದಾಟುವುದು ಮೆಜೆಸ್ಟಿಕ್‌ನಲ್ಲಿ ಮಾತ್ರ.

ನಿಲ್ದಾಣ ಕಟ್ಟಲು ಬಳಸಿದ್ದು ಮೇಲಿನಿಂದ ಅಗೆದು ಮುಚ್ಚುವ ವಿಧಾನ. ಬಾವಿ ತೋಡಿದ ಹಾಗೆ ಮೇಲಿನಿಂದ ಕೆಳಕ್ಕೆ ದೊಡ್ಡ ಗುಂಡಿ ತೆಗೀಬೇಕು. ಪಕ್ಕದ ಮಣ್ಣು ಕುಸಿಯದಂತೆ ಗೋಡೆ ಕಟ್ಟಬೇಕು. ಒಳಗೆ ಕಾಂಕ್ರೀಟ್ ಪೆಟ್ಟಿಗೆ ಮಾಡಿ ಮತ್ತೆ ಮೇಲೆ ಮುಚ್ಚಬೇಕು. ಇದಕ್ಕಾಗಿ ಬಿಎಂಟಿಸಿ ನಿಲ್ದಾಣದ ಒಂದು ಭಾಗವನ್ನೇ ತೆರವು ಮಾಡಿ, ಬಸ್ ಪ್ಲಾಟ್‌ಫಾರ್ಮ್‌ಗಳನ್ನು ಬದಲಿಸಿದರು. ಆ ವರ್ಷಗಳಲ್ಲಿ ಬೆಂಗಳೂರಿಗೆ ಹೋದವರಿಗೆ ತಗಡಿನ ತಡೆಗೋಡೆ, ಧೂಳು, ಸುತ್ತಿ ಬಳಸಿ ನಡೆದ ದಾರಿ ನೆನಪಿರುತ್ತದೆ.

ನಿಲ್ದಾಣದಿಂದ ನಿಲ್ದಾಣಕ್ಕೆ ಸುರಂಗ ಕೊರೆದದ್ದು ಯಂತ್ರಗಳು. ನೇರಳೆ ಮಾರ್ಗದ ಯಂತ್ರಗಳಿಗೆ ಹೆಲೆನ್, ಮಾರ್ಗರೀಟಾ ಅಂತ ಹೆಸರಿಟ್ಟಿದ್ದರು. ಹಸಿರು ಮಾರ್ಗದವುಗಳಿಗೆ ನದಿಗಳ ಹೆಸರು: ಕಾವೇರಿ, ಕೃಷ್ಣಾ, ಗೋದಾವರಿ. ಬೆಂಗಳೂರಿನ ನೆಲದಡಿ ಒಂದೇ ಥರ ಇಲ್ಲ. ಒಂದು ಕಡೆ ಗಟ್ಟಿ ಕಲ್ಲು, ಪಕ್ಕದಲ್ಲೇ ಸಡಿಲ ಮಣ್ಣು, ನಡುವೆ ಗುಂಡುಬಂಡೆ. ಬೋರ್‌ವೆಲ್ ಕೊರೆಸಿದ ಯಾವ ರೈತರನ್ನು ಕೇಳಿದರೂ ಇದರ ತಾಪತ್ರಯ ಹೇಳ್ತಾರೆ. ಯಂತ್ರದ ಹಲ್ಲು ಕಲ್ಲಿಗೆ ಸವೆಯುತ್ತದೆ, ಸಡಿಲ ಮಣ್ಣು ಸಿಕ್ಕರೆ ಮೇಲಿನ ನೆಲ ಕುಸಿಯೋ ಭಯ. ಗೋದಾವರಿ ಯಂತ್ರ ಕೆಟ್ಟು ದೀರ್ಘಕಾಲ ನಿಂತೇಬಿಟ್ಟಿತ್ತು.

ಒಂದೇ ನಿಲ್ದಾಣ, ಎರಡು ಉದ್ಘಾಟನೆ

ನೇರಳೆ ಮಾರ್ಗದ ಸುರಂಗ ಮೊದಲು ಸಿದ್ಧವಾಯಿತು. 2016ರ ಏಪ್ರಿಲ್ 29ರಂದು ಉದ್ಘಾಟನೆ ಆಗಿ ಮರುದಿನ ಜನರಿಗೆ ತೆರೆಯಿತು. ದಕ್ಷಿಣ ಭಾರತದ ಮೊದಲ ಮೆಟ್ರೊ ಸುರಂಗ ಇದು. ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆವರೆಗೆ 18.1 ಕಿ.ಮೀ. ಒಂದೇ ರೈಲಿನಲ್ಲಿ ಹೋಗುವಂತಾಯಿತು.

ಹಸಿರು ಮಾರ್ಗದವರು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಆಗ ನಾಗಸಂದ್ರ ಕಡೆಯಿಂದ ಬರುವ ರೈಲು ಸಂಪಿಗೆ ರಸ್ತೆಯಲ್ಲೇ ನಿಲ್ಲುತ್ತಿತ್ತು. ಮೆಜೆಸ್ಟಿಕ್ ಕಣ್ಣೆದುರಿಗೇ ಇದ್ದರೂ ಅಲ್ಲಿಂದ ಬಸ್ಸು, ಆಟೊ ಹಿಡೀಬೇಕಿತ್ತು, ಇಲ್ಲ ನಡೀಬೇಕಿತ್ತು. 2017ರ ಜೂನ್ 17ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉಳಿದ ಭಾಗ ಉದ್ಘಾಟಿಸಿದರು. ಮರುದಿನದಿಂದ ನಾಗಸಂದ್ರದಿಂದ ಯಲಚೇನಹಳ್ಳಿವರೆಗೆ 24.2 ಕಿ.ಮೀ. ರೈಲು ಓಡಿತು. ಮೆಜೆಸ್ಟಿಕ್‌ನ ಕೆಳಮಹಡಿಗೆ ಜೀವ ಬಂದದ್ದು ಅವತ್ತು.

ಅದೇ ಜುಲೈನಲ್ಲಿ ಭಾಷೆಯ ಗಲಾಟೆಯೂ ಎದ್ದಿತು. ನಿಲ್ದಾಣಗಳಲ್ಲಿ ಹಿಂದಿ ಬೋರ್ಡ್ ಯಾಕೆ ಅಂತ ಕನ್ನಡಪರ ಸಂಘಟನೆಗಳು, ಸಾಮಾನ್ಯ ಪ್ರಯಾಣಿಕರು ಕೇಳಿದರು. ಮೆಜೆಸ್ಟಿಕ್ ಮತ್ತು ಚಿಕ್ಕಪೇಟೆ ನಿಲ್ದಾಣದ ಹಿಂದಿ ಹೆಸರುಗಳನ್ನು ಮುಚ್ಚಲಾಯಿತು. ಕೊನೆಗೆ ಬೋರ್ಡ್‌ಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಉಳಿದವು.

ಒಳಗೆ ಯಾವುದು ಎಲ್ಲಿದೆ?

ಒಂದರ ಮೇಲೊಂದು ಮೂರು ಅಂತಸ್ತಿನ ಮನೆ ಅಂದುಕೊಳ್ಳಿ. ಆದರೆ ಇದು ನೆಲದಿಂದ ಕೆಳಕ್ಕೆ ಕಟ್ಟಿದ ಮನೆ.

ಮೊದಲ ಅಂತಸ್ತು ಹಜಾರ. ಟಿಕೆಟ್ ಕೌಂಟರ್, ಬ್ಯಾಗ್ ತಪಾಸಣೆ, ಗೇಟ್ ಇಲ್ಲಿವೆ. ಅದರ ಕೆಳಗೆ ನೇರಳೆ ಮಾರ್ಗ. ಎಲ್ಲಕ್ಕಿಂತ ಕೆಳಗೆ ಹಸಿರು ಮಾರ್ಗ. ಎರಡು ದಾರಿ ಕೂಡುಗುರುತಿನ ಥರ ಅಡ್ಡಡ್ಡ ಹಾಯುತ್ತವೆ. ನೆನಪಿಡಲು ಸುಲಭ ಸೂತ್ರ: ಮೇಲೆ ನೇರಳೆ, ಕೆಳಗೆ ಹಸಿರು.

ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸಲು ಹೊರಗೆ ಬರುವ ಅಗತ್ಯ ಇಲ್ಲ. ಇನ್ನೊಂದು ಟಿಕೆಟ್ ಕೂಡ ಬೇಡ. ಬಣ್ಣದ ಬೋರ್ಡ್ ನೋಡಿಕೊಂಡು ಎಸ್ಕಲೇಟರ್‌ನಲ್ಲಿ ಇಳಿದರೆ ಅಥವಾ ಹತ್ತಿದರೆ ಸಾಕು. ಅಪ್ಪಿತಪ್ಪಿ ಗೇಟ್ ದಾಟಿ ಹೊರಗೆ ಬಂದರೆ ಮತ್ತೆ ಹೊಸ ಟಿಕೆಟ್ ತಗೋಬೇಕು. ಮೊದಲ ಸಲ ಹೋಗುವವರು ದುಡ್ಡು ಕಳಕೊಳ್ಳುವುದು ಇಲ್ಲೇ. ಎಸ್ಕಲೇಟರ್ ಹತ್ತಲು ಹೆದರುವ ವಯಸ್ಸಾದವರಿಗೆ ಮೆಟ್ಟಿಲು, ಲಿಫ್ಟ್ ಎರಡೂ ಇವೆ. ಸಿಬ್ಬಂದಿಯನ್ನು ಕೇಳಿದರೆ ತೋರಿಸ್ತಾರೆ.

ನೆಲದೊಳಗಿನ ನಿಲ್ದಾಣದಲ್ಲಿ ಕಣ್ಣಿಗೆ ಕಾಣದ ಕೆಲಸವೇ ಹೆಚ್ಚು. ಗಾಳಿ ತಾನಾಗಿ ಬರುವುದಿಲ್ಲ, ದೊಡ್ಡ ಫ್ಯಾನ್‌ಗಳಿಂದ ಎಳೆದು ತರಬೇಕು. ಬೆಂಕಿ ಬಿದ್ದರೆ ಹೊಗೆಯನ್ನು ಹೊರಗೆ ತಳ್ಳುವುದೂ ಅವೇ ಫ್ಯಾನ್‌ಗಳು. ಕಲ್ಲು ಮಣ್ಣಿನ ಸಂದಿಯಲ್ಲಿ ಜಿನುಗುವ ನೀರು ತಗ್ಗಿನ ಗುಂಡಿಗೆ ಸೇರಿ, ಅಲ್ಲಿಂದ ಪಂಪ್ ಆಗಿ ಮೇಲೆ ಹೋಗಬೇಕು. ರಸ್ತೆಯಿಂದ ಒಳಗೆ ಇಳಿಯುವ ಮುನ್ನ ನಾಲ್ಕಾರು ಮೆಟ್ಟಿಲು ಹತ್ತಿಸುವುದು ಯಾಕೆ ಅಂತ ಕೆಲವರು ಕೇಳ್ತಾರೆ. ಮಳೆ ನೀರು ಒಳಗೆ ನುಗ್ಗಬಾರದು ಅಂತ. ಕೆರೆ ಅಂಗಳದಲ್ಲಿ ಕಟ್ಟಿದ ನಿಲ್ದಾಣಕ್ಕೆ ಇದು ಸಣ್ಣ ವಿಷಯ ಅಲ್ಲ. ಕೆರೆ ಮುಚ್ಚಬಹುದು, ತಗ್ಗನ್ನು ಮರೆಸಲು ಆಗಲ್ಲ.

ರೈಲಿಗೆ ಕರೆಂಟ್ ಬರುವುದು ಮೇಲಿನ ತಂತಿಯಿಂದ ಅಲ್ಲ, ಹಳಿಯ ಪಕ್ಕದ ಮೂರನೇ ಹಳಿಯಿಂದ. ಅದರಲ್ಲಿ 750 ವೋಲ್ಟ್ ಹರಿಯುತ್ತಿರುತ್ತದೆ. ಫೋನು, ಪರ್ಸು ಏನೇ ಕೆಳಗೆ ಬಿದ್ದರೂ ಹಳಿಗೆ ಇಳಿಯಬೇಡಿ. ಸಿಬ್ಬಂದಿಗೆ ಹೇಳಿದರೆ ಅವರೇ ತೆಗೆದುಕೊಡುತ್ತಾರೆ. ಮನುಷ್ಯರೇ ಬಿದ್ದರೆ ಪ್ಲಾಟ್‌ಫಾರ್ಮ್‌ನಲ್ಲಿ ಕರೆಂಟ್ ಕಡಿತ ಮಾಡುವ ತುರ್ತು ಬಟನ್ ಇರುತ್ತದೆ.

ಎಲ್ಲ ಭಾರ ಒಂದೇ ಹೆಗಲಿಗೆ

2017ರಿಂದ 2025ರವರೆಗೆ, ಎಂಟು ವರ್ಷ, ಇಡೀ ನಮ್ಮ ಮೆಟ್ರೊದಲ್ಲಿ ಮಾರ್ಗ ಬದಲಾಯಿಸಲು ಇದ್ದ ನಿಲ್ದಾಣ ಇದೊಂದೇ. 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡತೊಡಗಿತು. ಹಸಿರು ಮಾರ್ಗ 2021ರಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ಗೆ, 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬೆಳೆಯಿತು. ದಾರಿ ಎರಡೂ ಕಡೆ ಉದ್ದವಾಯಿತು, ಗಂಟು ಮಾತ್ರ ಒಂದೇ. ಬೆಳಗ್ಗೆ, ಸಂಜೆ ಆಫೀಸ್ ಹೊತ್ತಿನಲ್ಲಿ ಮೆಜೆಸ್ಟಿಕ್ ಎಸ್ಕಲೇಟರ್ ಮುಂದೆ ಜಾತ್ರೆ ಸೇರುವುದು ಅದಕ್ಕೇ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆ ಎರಡನೇ ಇಂಟರ್‌ಚೇಂಜ್ ಆಯಿತು. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರು ಹಸಿರು ರೈಲಿನಲ್ಲೇ ಮೆಜೆಸ್ಟಿಕ್ ದಾಟಿ ಮುಂದೆ ಹೋಗಿ ಅಲ್ಲಿ ಬದಲಾಯಿಸಬಹುದು.

ನಮ್ಮ ಕಡೆಯವರಿಗೆ ಯಾವ ದಾರಿ?

ಮೆಜೆಸ್ಟಿಕ್‌ವರೆಗೂ ಬಸ್ಸಲ್ಲೇ ಹೋಗಬೇಕು ಅನ್ನೋದು ಹಳೇ ರೂಢಿ. ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಕೂತು ಹೊತ್ತು ಕಳೆಯುವ ಬದಲು ಹೀಗೆ ಮಾಡಬಹುದು:

• ಬಸ್ಸಲ್ಲಿ ಹೋಗುವವರು: ಹಸಿರು ಮಾರ್ಗ ತುಮಕೂರು ರಸ್ತೆಯಲ್ಲೇ ಇದೆ. ಮಾದಾವರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ ಕಡೆ ನಿಮ್ಮ ಬಸ್ ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ಇಳಿದು ಮೆಟ್ರೊ ಹತ್ತಿ.
• ರೈಲಲ್ಲಿ ಹೋಗುವವರು: ಯಶವಂತಪುರ ರೈಲು ನಿಲ್ದಾಣದ ಪಕ್ಕದಲ್ಲೇ ಹಸಿರು ಮಾರ್ಗದ ನಿಲ್ದಾಣ ಇದೆ. ಚಿಕ್ಕಪೇಟೆಗೆ ಹೋಗಬೇಕಾದವರು ಇಲ್ಲೇ ಇಳಿದರೆ ನೇರ ರೈಲು.
• ಚಿಕ್ಕಪೇಟೆ, ಅವೆನ್ಯೂ ರಸ್ತೆ ಅಂಗಡಿಗಳಿಗೆ: ಮೆಜೆಸ್ಟಿಕ್ ಆದ ಮೇಲೆ ಒಂದೇ ಸ್ಟಾಪ್, ಚಿಕ್ಕಪೇಟೆ ನಿಲ್ದಾಣ.
• ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗೆ: ಕೆ.ಆರ್. ಮಾರುಕಟ್ಟೆ ನಿಲ್ದಾಣ, ಮೆಜೆಸ್ಟಿಕ್‌ನಿಂದ ಎರಡನೆಯದು.
• ವಿಧಾನಸೌಧ, ಹೈಕೋರ್ಟ್‌ಗೆ: ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ, ಎರಡನೇ ಸ್ಟಾಪ್.
• ಜಯದೇವ ಆಸ್ಪತ್ರೆಗೆ: ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಅಲ್ಲಿಂದ ಎರಡನೇ ಸ್ಟಾಪ್. ಆಸ್ಪತ್ರೆ ಹೆಸರಿನದ್ದೇ ನಿಲ್ದಾಣ.

ಇನ್ನೊಂದು ಗೊಂದಲ ಇದೆ. ಸಿಟಿ ರೈಲು ನಿಲ್ದಾಣಕ್ಕೆ ಅದರದೇ ಹೆಸರಿನ ಬೇರೆ ಮೆಟ್ರೊ ನಿಲ್ದಾಣ ಇದೆ, ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ಪಕ್ಕದ್ದು. ಅದು ರೈಲು ನಿಲ್ದಾಣದ ಹಿಂಬದಿಗೆ ಹತ್ತಿರ. ಬಸ್‌ಸ್ಟ್ಯಾಂಡ್ ಕಡೆಯ ಮುಂಬಾಗಿಲಿಂದ ಹೊರಬಂದವರಿಗೆ ಮೆಜೆಸ್ಟಿಕ್ ನಿಲ್ದಾಣವೇ ಹತ್ತಿರ.

ಟಿಕೆಟ್, ಸಮಯ, ಸಾಮಾನು

2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಣೆ ಆದಾಗ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ ಆಯಿತು. ಕೌಂಟರ್‌ನಲ್ಲಿ ಟೋಕನ್ ಸಿಗುತ್ತದೆ. ಸ್ಮಾರ್ಟ್ ಕಾರ್ಡ್ ಇದ್ದರೆ ರಿಯಾಯಿತಿ ಉಂಟು. ಮೊಬೈಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲೂ ಕ್ಯೂಆರ್ ಟಿಕೆಟ್ ತಗೋಬಹುದು. ಮಹಿಳೆಯರು ಗಮನಿಸಿ: ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸಿಗೆ ಮಾತ್ರ, ಮೆಟ್ರೊಗೆ ಟಿಕೆಟ್ ಬೇಕು.

ಸಾಮಾನ್ಯ ದಿನ ಬೆಳಗ್ಗೆ 5ಕ್ಕೆ ರೈಲು ಶುರು. ಭಾನುವಾರ ತಡ, 7 ಗಂಟೆಗೆ. ಊರಿಂದ ಬರುವವರ ಅನುಕೂಲ ನೋಡಿ 2025ರ ಜನವರಿಯಿಂದ ಸೋಮವಾರ 4.15ಕ್ಕೇ ಶುರು ಮಾಡಿದರು. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಸಾಮಾನಿಗೆ ಅಳತೆ, ತೂಕದ ಮಿತಿ ಇದೆ. ದೊಡ್ಡ ಬ್ಯಾಗಿಗೆ ಬೇರೆ ಟಿಕೆಟ್ ಕೇಳಬಹುದು. ಎಲ್ಲ ಬ್ಯಾಗೂ ಸ್ಕ್ಯಾನ್ ಯಂತ್ರದಲ್ಲಿ ಹೋಗಬೇಕು. ಚಿಕ್ಕಪೇಟೆಯಿಂದ ಮೂಟೆಗಟ್ಟಲೆ ಮಾಲು ತರುವವರು ಮಾಲನ್ನು ಲಾರಿ ಟ್ರಾನ್ಸ್‌ಪೋರ್ಟ್‌ಗೆ ಹಾಕಿ, ತಾವು ಮೆಟ್ರೊದಲ್ಲಿ ಬರುವುದು ಸಲೀಸು.

ಬಟ್ಟೆ ನೋಡಿ ತಡೆಯೋ ಹಾಗಿಲ್ಲ

2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಭದ್ರತಾ ಸಿಬ್ಬಂದಿ ಒಳಗೆ ಬಿಡಲಿಲ್ಲ. ಅವರ ಕೈಯಲ್ಲಿ ಟಿಕೆಟ್ ಇತ್ತು. ಗಂಟಿನಲ್ಲಿ ಇದ್ದದ್ದು ಬಟ್ಟೆ. ಸಹ ಪ್ರಯಾಣಿಕರು ‘ಯಾವ ನಿಯಮದಲ್ಲಿ ತಡೀತೀರಿ’ ಅಂತ ಪಟ್ಟು ಹಿಡಿದು ಕೇಳಿದರು, ಅವರನ್ನು ಒಳಗೆ ಕರಕೊಂಡು ಹೋದರು. ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಮೆಟ್ರೊ ನಿಗಮ ವಿಷಾದ ಹೇಳಿ, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು.

ಈ ಘಟನೆ ನೆನಪಿರಲಿ. ಮೆಟ್ರೊ ಹತ್ತಲು ಬೇಕಾದ್ದು ಟಿಕೆಟ್ ಮತ್ತು ತಪಾಸಣೆ, ಇಸ್ತ್ರಿ ಬಟ್ಟೆ ಅಲ್ಲ. ಪಂಚೆ ಉಟ್ಟು ಟವೆಲ್ ಹಾಕಿದವರಿಗೂ ಅದೇ ಗೇಟು, ಕೊರಳಲ್ಲಿ ಐಡಿ ಕಾರ್ಡ್ ಹಾಕಿದವರಿಗೂ ಅದೇ ಗೇಟು. ಯಾರಾದರೂ ತಡೆದರೆ ಕಾರಣ ಕೇಳಿ. ಸ್ಟೇಷನ್ ಕಂಟ್ರೋಲರ್ ಕಚೇರಿ ಪ್ರತಿ ನಿಲ್ದಾಣದಲ್ಲೂ ಇದೆ, ಅಲ್ಲಿ ದೂರು ಕೊಡಬಹುದು.

ಮುಂದೇನು?

ಗುಲಾಬಿ ಮಾರ್ಗ ನೇರಳೆಗೆ ಎಂ.ಜಿ. ರಸ್ತೆಯಲ್ಲಿ ಸೇರುವ ಯೋಜನೆ ಇದೆ. ಹೀಗೆ ಮಾರ್ಗ ಬದಲಾಯಿಸುವ ಜಾಗ ಹೆಚ್ಚಿದಷ್ಟೂ ಮೆಜೆಸ್ಟಿಕ್ ಮೇಲಿನ ಒತ್ತಡ ಇಳಿಯಬೇಕು. ಮಾದಾವರದಿಂದ ತುಮಕೂರಿನವರೆಗೆ ಮೆಟ್ರೊ ತರುವ ಪ್ರಸ್ತಾಪವನ್ನೂ ಸರ್ಕಾರ ಮುಂದಿಟ್ಟಿದೆ. ಅದು ಆಗುವಾಗ ಆಗಲಿ. ಸದ್ಯಕ್ಕೆ ತುಮಕೂರು ರಸ್ತೆಯಲ್ಲಿ ಹೋಗುವವರಿಗೆ ಮೆಟ್ರೊ ಮಾದಾವರದಲ್ಲೇ ಸಿಗುತ್ತದೆ. ಕೆಲಸ ಚಿಕ್ಕಪೇಟೆ, ಮಾರುಕಟ್ಟೆ ಕಡೆ ಇದ್ದರೆ ಮೆಜೆಸ್ಟಿಕ್‌ನಲ್ಲಿ ಇಳಿಯಲೇಬೇಡಿ, ಕೂತಲ್ಲೇ ಕೂತಿರಿ. ವಿಧಾನಸೌಧ ಕಡೆ ಇದ್ದರೆ ಅಲ್ಲಿ ಒಂದು ಅಂತಸ್ತು ಮೇಲಕ್ಕೆ ಹತ್ತಿ, ನೇರಳೆ ರೈಲು ಹಿಡಿಯಿರಿ.